ತೂಕದ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿರುವರು. ಆ ಗಾದೆಯನ್ನು ಕಟ್ಟಿದವರು ಒಳನಾಡಿನವರಾಗಿರಬೇಕು. ಕಡಲ ತಡಿಯವರಾಗಿದ್ದರೆ ಹಡಗನ್ನೂ ಅದರೊಡನೆ ಸೇರಿಸುತ್ತಿದ್ದರು. ಮನೆಯ ಯಜಮಾನನು ಗೋಡೆಯನ್ನು ಒಂದು ಗೇಣು ದಪ್ಪವಾಗಿ ಕಟ್ಟಿಸಿದರೆ ಖರ್ಚು ಹೆಚ್ಚುವುದೇ ಹೊರತು ಬೇರೆ ಕೇಡಿಲ್ಲ; ಭಾರವನ್ನು ಭೂಮಿಯು ಹೊರುತ್ತದೆ. ಹಡಗಿನ ಪಕ್ಕವನ್ನು ಒಂದು ಅಂಗುಲ ದಪ್ಪ ಮಾಡಿದರೆ ಆ ಭಾರವನ್ನು ನೀರು ಹೊರಬೇಕು. ನೀರು ಯಾರಿಗೂ ಸಾಲ ಕೊಡುವುದಿಲ್ಲ.

1907ನೆಯ ಇಸವಿಯಲ್ಲಿ ಬರ್ಲಿನ್ ನಗರದ ನೌಕಾಶಾಖೆಯ ಕಚೇರಿಯಲ್ಲಿ ಒಬ್ಬ ಶಿಲ್ಪಿಯು ಖಾಲಿ ಕಾಗದವನ್ನು ಮುಂದಿಟ್ಟುಕೊಂಡು ಕುಳಿತಿರುವನೆಂದು ವಾಚಕರು ಭಾವಿಸಿಕೊಳ್ಳಲಿ. ಇವನು ಕಲ್ಪಿತ ವ್ಯಕ್ತಿ. ಇವನ ಕಷ್ಟವು ಮಾತ್ರ ಕಲ್ಪಿತವಲ್ಲ. ಇಂಗ್ಲೆಂಡಿನವರು ಡ್ರೆಡ್‌ನಾಟ್ ಎಂಬ ಮಹಾನೌಕೆಯನ್ನು 1906ರಲ್ಲಿ ತೇಲಿಸಿದ್ದರು. ಅದರ ಬೆನ್ನಿಗೇ ಇನ್‌ವಿನ್ಸಿಬಲ್ ಎಂಬ ಹೊಸ ಜಾತಿಯ ಹಡಗು ಸಿದ್ಧವಾಗುತ್ತಲಿತ್ತು. ಅದಕ್ಕೆ ಹನ್ನೆರಡು ಅಂಗುಲ ಬಾಯಿಯ ಎಂಟು ತೋಪುಗಳು. ಗಂಟೆಗೆ 25 ಕಡಲಮೈಲಿನ ವೇಗ. ಆದರೆ ಪಕ್ಕದ ಉಕ್ಕಿನ ಕವಚವು ಆರೇ ಅಂಗುಲ. ಈ ಜಾತಿಗೆ ಮುಂದೆ ಬ್ಯಾಟಲ್ ಕ್ರೂಸರ್ ಎಂಬ ಹೆಸರು ರೂಢಿಗೆ ಬಂದಿತು. ಜರ್ಮನರು ಆ ಹೊತ್ತಿಗೆ ಬ್ಲ್ಯೂಖರ್ ಎಂಬ ಹಡಗನ್ನು ತೊಡಗಿದ್ದರು. ಅದರ ತೋಪುಗಳು ಹನ್ನೆರಡಾದರೂ ಬಾಯಿಯ ಅಳತೆಯು 21 ಸೆಂಟಿಮೀಟರು ಮಾತ್ರ. ಎದುರಾಳಿಯ ತೋಪುಗಳ ನಿಜವಾದ ಗಾತ್ರವು ತಿಳಿಯುವ ವೇಳೆಗೆ ಅದರ ನಕ್ಷೆಯನ್ನು ಬದಲಿಸುವ ಕಾಲವು ಮೀರಿತ್ತು.

ಹೀಗಿರಲು ನಮ್ಮ ಶಿಲ್ಪಿಯು ಮೊದಲು ತನಗೆ ಬೇಕಾದುದನ್ನೆಲ್ಲ ಬರೆದುಕೊಳ್ಳುವನು. ಇಂಗ್ಲಿಷರದಷ್ಟೇ ದೊಡ್ಡ ತೋಪುಗಳು, ಅವರದಕ್ಕಿಂತ ಹೆಚ್ಚಿನ ವೇಗ, ಅವರದರ ಎರಡರಷ್ಟು ದಪ್ಪದ ಕವಚ. ಅನಂತರ ಲೆಕ್ಕಕ್ಕೆ ತೊಡಗುವನು. ಹಡಗಿನ ಎರಡು ಪಕ್ಕಗಳಲ್ಲಿಯೂ ನೂರು ಮೀಟರು ಉದ್ದ, ನಾಲ್ಕು ಮೀಟರು ಎತ್ತರದ ಉಕ್ಕಿನ ಪಟ್ಟಿಯಿರಲಿ. ಅದರ ದಪ್ಪವನ್ನು ಹತ್ತು ಸೆಂಟಿಮೀಟರು ಹೆಚ್ಚಿಸಿದರೆ ಆರುನೂರು ಟನ್ನಿಗೆ ಮೀರಿ ತೂಕವೇರುತ್ತದೆ. ವೇಗದ ಲೆಕ್ಕವು ಇನ್ನೂ ಕಠಿಣ. ಅದನ್ನು ನೂರಕ್ಕೆ ಹತ್ತರಷ್ಟು ಏರಿಸಬೇಕಾದರೆ ಯಂತ್ರಶಕ್ತಿಯನ್ನು ಸುಮಾರು ಮೂರರಲ್ಲೊಂದು ಪಾಲು ಏರಿಸಬೇಕು. ಶಕ್ತಿಯೇರಿದರೆ ಬಾಯ್ಲರುಗಳು ಹೆಚ್ಚಬೇಕು. ಅವುಗಳಿಗೆ ಕಲ್ಲಿದ್ದಲು, ಕಲ್ಲಿದ್ದಲನ್ನು ತುಂಬಲು ಆಳುಗಳು, ಇವೆಲ್ಲಕ್ಕೂ ಸ್ಥಳ ಬೇಕು. ಸ್ಥಳಕ್ಕಾಗಿ ಹಡಗನ್ನು ಉದ್ದ ಮಾಡಿದರೆ ಕವಚವೂ ಉದ್ದವಾಗುತ್ತದೆ. ತೋಪುಗಳನ್ನು ಎತ್ತರದಲ್ಲಿಟ್ಟರೆ ತಲೆಭಾರವು ಹೆಚ್ಚಿ ಹಡಗು ಅಲೆಗಳಲ್ಲಿ ತೂರಾಡುತ್ತದೆ.

ಹಡಗನ್ನೇ ಬೇಕಾದಷ್ಟು ದೊಡ್ಡದು ಮಾಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಕೀಲ್ ಕಾಲುವೆಯು 1895ರಲ್ಲಿ ತೆರೆದಾಗ ಆ ಕಾಲದ ಹಡಗುಗಳಿಗೆ ತಕ್ಕಷ್ಟೇ ಇದ್ದಿತು. ಅದನ್ನು ಅಗಲ ಮಾಡುವ ಕೆಲಸವು 1907ರಲ್ಲಿ ತೊಡಗಿ 1914ರಲ್ಲಿ ಮುಗಿಯಿತು. ವಿಲ್‌ಹೆಲ್ಮ್ಸ್‌ಹಾಫೆನ್ ರೇವಿನ ನೀರುಗಂಡಿಗಳಿಗೂ ಒಂದು ಅಳತೆಯಿದ್ದಿತು. ಎಲ್ಲಕ್ಕೂ ಮೇಲೆ, ಹಣವನ್ನು ಕೊಡುವವರು ರೈಖ್‌ಸ್ಟಾಗಿನ ಸದಸ್ಯರು. ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ನೀತಿಯು ಸಾಮ್ರಾಜ್ಯಗಳಿಗೂ ತಪ್ಪಿದುದಲ್ಲ.

ಹಾಗಾದರೆ ಬಿಡಬೇಕಾದುದು ಯಾವುದು? ಹಡಗಿನ ಶಿಲ್ಪವೆಂದರೆ ಕೊನೆಗೆ ಈ ಒಂದೇ ಪ್ರಶ್ನೆ. ಇಂಗ್ಲೆಂಡಿನವರು ಕವಚವನ್ನು ಬಿಟ್ಟರು. ಏಳು ಸಮುದ್ರಗಳಲ್ಲಿಯೂ ವೈರಿಯನ್ನು ಅಟ್ಟಿಸಿಕೊಂಡು ಹೋಗಬೇಕಾದವರಿಗೆ ವೇಗವೂ ದೊಡ್ಡ ತೋಪೂ ಮುಖ್ಯವಾಗಿ ಕಂಡವು. ಜರ್ಮನರ ಸ್ಥಿತಿಯು ಬೇರೆ. ಅವರ ರಣರಂಗವು ಉತ್ತರ ಸಮುದ್ರ. ಅವರ ಹಡಗುಗಳ ಸಂಖ್ಯೆಯು ಕಡಮೆ. ಮುಂದೆ ಹೋಗಿ ವೈರಿಯನ್ನು ನೋಡಿ ಬಂದ ಹಡಗು ಮತ್ತೆ ಸಾಲಿನಲ್ಲಿ ನಿಂತು ಕಾದಲೇಬೇಕು. ನೌಕಾಮಂತ್ರಿಯಾದ ಟಿರ್ಪಿಟ್ಸನು ಮೊದಲು ಇಂಗ್ಲಿಷರ ಮಾದರಿಯ ಕಡೆಗೇ ಒಲಿದಿದ್ದನು. ಕಚೇರಿಯ ಇತರರು ಗಟ್ಟಿಯಾದ ಕವಚವೇ ಬೇಕೆಂದು ವಾದಿಸಿ ಗೆದ್ದರು. ಯುದ್ಧನೌಕೆಯ ಮೊದಲನೆಯ ಗುಣವು ಮುಳುಗದೆ ತೇಲುವುದೇ ಎಂಬರ್ಥದ ಮಾತನ್ನು ಮುಂದೆ ಟಿರ್ಪಿಟ್ಸನೇ ತನ್ನ ಸ್ಮರಣೆಗಳಲ್ಲಿ ಬರೆದನು.

ಈ ವಾದವಿವಾದಗಳ ಫಲವಾಗಿ ಹುಟ್ಟಿದ ನಿಜವಾದ ಹಡಗೇ ಫೊನ್ ಡೆರ್ ಟಾನ್. 1908ರ ಮಾರ್ಚಿಯಲ್ಲಿ ಹ್ಯಾಂಬುರ್ಗಿನಲ್ಲಿ ತೊಡಗಿ 1910ರಲ್ಲಿ ಸೇವೆಗೆ ಸೇರಿದ ಇದರ ಭಾರವು ಹತ್ತೊಂಬತ್ತು ಸಾವಿರ ಟನ್ನಿಗೂ ಮಿಕ್ಕುದು. ತೋಪುಗಳು 28 ಸೆಂಟಿಮೀಟರಿನವು, ಎಂಟು. ಇಂಗ್ಲಿಷರದಕ್ಕಿಂತ ಇವು ಚಿಕ್ಕವು. ಅಲ್ಲಿ ಉಳಿಸಿದುದನ್ನು ಕವಚಕ್ಕೆ ಕೊಟ್ಟು, ನಡುಭಾಗದಲ್ಲಿ ಅದನ್ನು 25 ಸೆಂಟಿಮೀಟರು, ಎಂದರೆ ಸುಮಾರು ಹತ್ತು ಅಂಗುಲ ಮಾಡಿದ್ದರು. ಒಂದು ಕಡೆ ತೂತಾದರೂ ನೀರು ಎಲ್ಲೆಡೆಗೂ ಹರಿಯದಂತೆ ಒಡಲನ್ನು ಚಿಕ್ಕಚಿಕ್ಕ ಕೋಣೆಗಳಾಗಿ ವಿಭಾಗಿಸಿದ್ದರು. ಜರ್ಮನರ ದೊಡ್ಡ ಯುದ್ಧನೌಕೆಗಳಲ್ಲಿ ಟರ್ಬೈನ್ ಯಂತ್ರವನ್ನು ಮೊದಲು ಪಡೆದುದು ಇದೇ. ಪರೀಕ್ಷೆಯಲ್ಲಿ ಇದು ಗಂಟೆಗೆ 27 ಕಡಲಮೈಲಿಗೂ ಹೆಚ್ಚು ಓಡಿತು.

ಲೆಕ್ಕವು ಸರಿಯಾಯಿತೆಂದು ಶಿಲ್ಪಿಯು ಲೇಖನಿಯನ್ನು ಕೆಳಗಿಟ್ಟಿರಬಹುದು. ಆದರೆ ಕಾಗದವು ಕಾಣದ ಸಂಗತಿಯೊಂದನ್ನು 1915ರ ಜನವರಿ 24ರಂದು ಡಾಗರ್ ಬ್ಯಾಂಕಿನ ಯುದ್ಧವು ತೋರಿಸಿಕೊಟ್ಟಿತು. ಅಂದು ಬ್ಲ್ಯೂಖರ್ ಮುಳುಗಿತು. ಟಾನಿನ ತಂಗಿಯೆನ್ನಬಹುದಾದ ಸೈಡ್ಲಿಟ್ಸ್ ಹಡಗಿನ ಹಿಂಬದಿಯ ತೋಪುಗೂಡಿಗೆ ಒಂದು ಗುಂಡು ಬಡಿಯಿತು. ಒಳಗೆ ಎತ್ತಿಟ್ಟಿದ್ದ ಮದ್ದು ಹೊತ್ತಿಕೊಂಡಿತು. ಜ್ವಾಲೆಯು ಪಕ್ಕದ ಗೂಡಿಗೂ ಹಾಯ್ದು ಕ್ಷಣಮಾತ್ರದಲ್ಲಿ 159 ಮಂದಿ ಸುಟ್ಟುಹೋದರು. ವಿಲ್‌ಹೆಲ್ಮ್ ಹೈಡ್‌ಕಾಂಪ್ ಎಂಬ ಪಂಪಿನ ಮೇಸ್ತ್ರಿಯು ಕಾದ ಕಬ್ಬಿಣದಂತಿದ್ದ ತಿರುಗಣೆಗಳನ್ನು ಬರಿಗೈಯಿಂದ ತಿರುಗಿಸಿ ಮದ್ದಿನ ಮನೆಗೆ ನೀರು ಬಿಟ್ಟನು. ಕೈಗಳು ಬೆಂದವು, ಹಡಗು ಉಳಿಯಿತು. ಆ ಮೇಲೆ ಜರ್ಮನರು ಮದ್ದನ್ನು ಹೊರಗೆ ಹರಡಿಡುವ ರೂಢಿಯನ್ನು ಬಿಗಿಮಾಡಿದರು. ಇಂಗ್ಲಿಷರಿಗೆ ಅಂಥ ಪಾಠವು ಆಗ ದೊರೆಯಲಿಲ್ಲ.

ಅದು ಅವರಿಗೆ ದೊರೆತುದು 1916ರ ಮೇ 31ರಂದು, ಜಟ್‌ಲಂಡ್ ಯುದ್ಧದಲ್ಲಿ. ಮೊದಲು ಸಿಡಿದ ಇನ್‌ಡಿಫ್ಯಾಟಿಗಬಲ್ ಹಡಗಿನ ಸಾವಿರಕ್ಕೂ ಮಿಕ್ಕ ಜನರಲ್ಲಿ ಬದುಕಿದವರು ಇಬ್ಬರು. ಅದಕ್ಕೆ ಗುಂಡು ಹೊಡೆದುದು ಟಾನ್. ಅನಂತರ ಕ್ವೀನ್ ಮೇರಿಯೂ, ಸಂಜೆ ಇನ್‌ವಿನ್ಸಿಬಲ್ಲೂ ಅದೇ ರೀತಿ ಸಿಡಿದುವು. ಟಾನಿಗೂ ಪೆಟ್ಟು ತಪ್ಪಲಿಲ್ಲ. ಒಂದು ಹೊತ್ತಿನಲ್ಲಿ ಅದರ ದೊಡ್ಡ ತೋಪುಗಳೆಲ್ಲವೂ ಮೂಕವಾದುವು. ಆದರೂ ಅದರ ನಾಯಕನು ಸಾಲನ್ನು ಬಿಡಲಿಲ್ಲ. ತಾನು ಸರಿದರೆ ವೈರಿಯ ಗುಂಡುಗಳೆಲ್ಲ ಜೊತೆಯ ಹಡಗುಗಳ ಮೇಲೆ ಬೀಳುವುವೆಂದು ಗುರಿಯಾಗಿ ನಿಂತೇ ಇದ್ದನು. ಸೈಡ್ಲಿಟ್ಸ್ ಇಪ್ಪತ್ತಕ್ಕೂ ಹೆಚ್ಚು ದೊಡ್ಡ ಗುಂಡುಗಳನ್ನೂ ಒಂದು ಟಾರ್ಪೀಡೊವನ್ನೂ ತಿಂದು, ಐದು ಸಾವಿರ ಟನ್ನಿಗೂ ಮಿಕ್ಕ ನೀರನ್ನು ಒಡಲಲ್ಲಿ ಹೊತ್ತು, ಮೂತಿಯನ್ನು ನೀರಿಗೆ ಊರಿಕೊಂಡು ಮನೆ ಸೇರಿತು. ಆ ಕೋಣೆಗಳನ್ನು ಬರೆದ ಕೈಯು ಅಂದು ಸಾರ್ಥಕವಾಯಿತು.

ಆದರೂ ಕೊನೆಯು ಒಂದೇ. 1919ರ ಜೂನ್ 21ರಂದು, ಸೆರೆಯಲ್ಲಿದ್ದ ಜರ್ಮನ್ ನೌಕಾಪಡೆಯನ್ನು ಅದರ ನಾವಿಕರೇ ಸ್ಕಾಪಾ ಫ್ಲೋದಲ್ಲಿ ಮುಳುಗಿಸಿದರು. ಅಷ್ಟು ಪೆಟ್ಟಿಗೂ ಮುಳುಗದವು ತಮ್ಮವರು ತೆರೆದ ಕೊಳಾಯಿಗಳಿಂದ ಮುಳುಗಿದುವು. ಟಾನನ್ನು 1930ರಲ್ಲಿ ಮೇಲಕ್ಕೆತ್ತಿ, ಮುರಿದು, ಹಳೆಯ ಕಬ್ಬಿಣ ಮಾಡಿದರು.

ಇಂದಿಗೂ ಅನೇಕರು ವಿನೋದಕ್ಕಾಗಿ ಆ ಕಾಲದ ಜರ್ಮನ್ ಹಡಗುಗಳನ್ನು ಕಾಗದದ ಮೇಲೆ ಮತ್ತೆ ಕಟ್ಟುವುದುಂಟು. ಇಲ್ಲಿ ಒಂದು ತೋಪನ್ನು ಕೂಡಿಸುವರು, ಅಲ್ಲಿ ಒಂದು ಅಂಗುಲವನ್ನು ಕಳೆಯುವರು. ಲೆಕ್ಕವು ಬುದ್ಧಿಗೆ ಹರಿತವನ್ನು ಕೊಡುವುದು ನಿಜ. ಆದರೆ ಆ ಪಟ್ಟಿಯ ಕೊನೆಯಲ್ಲಿ ಒಂದು ಸಾಲಿರುತ್ತದೆ. ಫೊನ್ ಡೆರ್ ಟಾನ್ ಹಡಗಿನಲ್ಲಿದ್ದ ಅಧಿಕಾರಿಗಳೂ ನಾವಿಕರೂ ಸೇರಿ ಒಂಬೈನೂರಕ್ಕೆ ಮೇಲ್ಪಟ್ಟವರು. ಅವರೆಲ್ಲರ ಮೈತೂಕವನ್ನು ಕೂಡಿಸಿದರೆ ಅರುವತ್ತು ಟನ್ನಿನಷ್ಟಾದೀತು. ಹಡಗಿನ ಭಾರದಲ್ಲಿ ಅದು ಮುನ್ನೂರರಲ್ಲೊಂದು ಪಾಲು. ಅದನ್ನು ಬರೆಯಲು ಮರೆತರೂ ಹಡಗು ತೇಲುತ್ತದೆ. ಉಳಿದ ಸಾಲುಗಳನ್ನೆಲ್ಲ ಬರೆದುದು ಯಾರಿಗಾಗಿ ಎಂಬುದನ್ನು ಹೇಳುವ ಸಾಲು ಮಾತ್ರ ಅದೊಂದೇ.