ದಾರಿ ಕೇಳಹೋದವಳು

ಕುಸ್ತಿಯ ಪೈಲವಾನನಿಗೆ ವಸ್ತಾದ ಬೇಕು, ಹಾಡುವವನಿಗೆ ಗುರು ಬೇಕು. ಇದು ಯಾರೂ ಒಪ್ಪುವ ಮಾತು. ಆದರೆ ಸುಮ್ಮನೆ ಬದುಕುವುದಕ್ಕೂ ಒಬ್ಬ ತರಬೇತುದಾರರು ಬೇಕು, ಅವರಿಗೆ ಗಂಟೆಯ ಲೆಕ್ಕದಲ್ಲಿ ಸಂಭಾವನೆ ಸಲ್ಲಬೇಕು ಎಂದರೆ, ರನ್ನ ಬೆಳಗಲಿಯಂಥ ಊರಿನವನಾದ ನನಗೆ ನಗೆ ಬಾರದಿದ್ದೀತೆ? ನಮ್ಮೂರ ಕಟ್ಟೆಯ ಮೇಲೆ ಬುದ್ಧಿವಾದವು ಕೇಳದೆಯೇ, ಬಿಟ್ಟಿಯಾಗಿಯೇ, ಬೇಕಾದುದಕ್ಕಿಂತ ನಾಲ್ಕು ಪಾಲು ಹೆಚ್ಚಾಗಿಯೇ ದೊರೆಯುತ್ತದೆ.

ಈ ವಿಚಾರ ನಮ್ಮ ಮನೆಯ ಹೊಸ್ತಿಲನ್ನು ದಾಟಿದುದು ನನ್ನ ಅಣ್ಣ ತೀರಿಕೊಂಡ ಮೇಲೆ. ಅಣ್ಣನಿಗೆ ಒಬ್ಬಳೇ ಮಗಳು. ಬೆಂಗಳೂರಿನ ಕಂಪನಿಯೊಂದರಲ್ಲಿ ಅವಳಿಗೆ ನೌಕರಿ. ಊರಿನಲ್ಲಿ ನಾಲ್ಕೆಕರೆ ಕಬ್ಬು, ಸೊಸೈಟಿಯ ಸಾಲ, ಮಂಡಿನೋವಿನ ತಾಯಿ. ಹೊಲವನ್ನು ಮಾರಿ ತಾಯಿಯನ್ನು ಕರೆದೊಯ್ಯಬೇಕೆಂದು ಸೋದರಮಾವಂದಿರ ಹಟ. ನೌಕರಿ ಬಿಟ್ಟು ಬಂದು, ಮದುವೆಯಾಗಿ, ಊರಲ್ಲೇ ನೆಲೆಸಲೆಂದು ಓಣಿಯವರ ತೀರ್ಪು. ಇವೆರಡರ ನಡುವೆ ಹುಡುಗಿಯ ನಿದ್ದೆ ಹಾರಿಹೋಯಿತು. ಆಗ ಅವಳ ಗೆಳತಿಯೊಬ್ಬಳು ಅವಳನ್ನು ಒಬ್ಬ ಕ್ರೈಸ್ತ ಮಹಿಳೆಯ ಬಳಿಗೆ ಕರೆದೊಯ್ದಳು. ಜೀವನ ತರಬೇತಿ ಆಕೆಯ ವೃತ್ತಿ. ಕ್ರಿಸ್ತನಲ್ಲಿಟ್ಟ ವಿಶ್ವಾಸ ಆ ವೃತ್ತಿಯ ಬುನಾದಿ.

ಸುದ್ದಿ ಊರಿಗೆ ಮುಟ್ಟಿದಾಗ ಅತ್ತಿಗೆಯ ಮುಖ ಬಾಡಿತು. “ಹುಡುಗಿ ನಮ್ಮ ಧರ್ಮ ಬಿಟ್ಟು ಹೋಗ್ತಾಳೇನಪಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ನನ್ನನ್ನು ಬೆಂಗಳೂರಿನ ಬಸ್ಸು ಹತ್ತಿಸಿದರು.

ಹುಡುಗಿ ಹೇಳಿದುದು ಇಷ್ಟು: ಆ ಮಹಿಳೆ ಮೊದಲ ದಿನವೇ, “ನಾನು ಕ್ರೈಸ್ತಳು, ಕೂಡುವ ಮುನ್ನ ನನ್ನಷ್ಟಕ್ಕೆ ಪ್ರಾರ್ಥಿಸುತ್ತೇನೆ. ನೀವು ಪ್ರಾರ್ಥಿಸಬೇಕೆಂದಿಲ್ಲ, ಮತದ ಮಾತನ್ನು ನಾನು ನಿಮ್ಮ ಮೇಲೆ ಹೇರಿದೆನೆನಿಸಿದರೆ ಎದ್ದು ಹೋಗಿರಿ” ಎಂದರಂತೆ. ನಿದ್ದೆಯಿಲ್ಲದ ಸಂಗತಿಯನ್ನು ಕೇಳಿ, ಮೊದಲು ವೈದ್ಯರನ್ನು ಕಂಡು ಬರಲು ಹೇಳಿ ಕಳುಹಿಸಿದರಂತೆ.

“ಆಮೇಲೆ ಏನು ಹೇಳಿದರು?” ಎಂದೆ.

“ಏನೂ ಹೇಳಲಿಲ್ಲ, ಕಾಕಾ. ಕೇಳತಾರ, ಸುಮ್ಮನ ಕೂಡತಾರ. ಹೊಲಾ ಹೋದ್ರ ನಿನಗ ಹೊಲಾ ನೆನಪಾಗತೈತೋ, ಅಪ್ಪಾ ನೆನಪಾಗತಾನೋ ಅಂತ ಕೇಳಿದ್ರು. ನಾ ಒಂದು ತಾಸು ಅತ್ತೆ.”

ಅಣ್ಣನ ಮಣ್ಣಿನ ದಿನ ಕೂಡ ಅವಳು ಅತ್ತಿರಲಿಲ್ಲ. ಬಂದವರಿಗೆ ಚಹ ಕಾಸುವುದರಲ್ಲಿಯೇ ಅವಳಿಗೆ ದಿನ ಕಳೆದಿತ್ತು.

ಈ ವೃತ್ತಿ ಹೊಸದು. ಅಮೆರಿಕದಲ್ಲಿ ಈ ತರಬೇತುದಾರರ ಅಂತರರಾಷ್ಟ್ರೀಯ ಸಂಘವೊಂದು ಹುಟ್ಟಿದುದು 1995ರಲ್ಲಿ. ಕೋಚ್ ಎಂಬ ಮಾತಿನ ಬೇರು ಹಂಗೇರಿಯ ಕೋಚ್ ಎಂಬ ಹಳ್ಳಿಯ ಕುದುರೆಗಾಡಿಯಲ್ಲಿದೆ. ವಿದ್ಯಾರ್ಥಿಯನ್ನು ಪರೀಕ್ಷೆಯ ಆಚೆ ದಡಕ್ಕೆ ಒಯ್ಯುವ ಪಾಠಗಾರನಿಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ವಿದ್ಯಾರ್ಥಿಗಳು ಆ ಹೆಸರಿಟ್ಟರು. ವೃತ್ತಿ ಹೊಸದಾದರೂ ರೀತಿ ಹಳೆಯದು. ಬೈಬಲಿನಲ್ಲಿ ಮೋಶೆಯು ಬೆಳಗಿನಿಂದ ಸಂಜೆಯವರೆಗೆ ಜನರ ವ್ಯಾಜ್ಯ ತೀರಿಸುತ್ತ ದಣಿಯುವುದನ್ನು ಕಂಡು, ಭಾರವನ್ನು ಹಂಚಿಕೊಳ್ಳೆಂದು ಬುದ್ಧಿ ಹೇಳಿದವನು ಅವನ ಮಾವ ಇತ್ರೋ. ಅವನಾದರೋ ಬೇರೆ ಸೀಮೆಯ ಪುರೋಹಿತ! ಯೆರೂಸಲೇಮಿನ ಕೊಳದ ಬಳಿ 38 ವರ್ಷ ರೋಗಿಯಾಗಿ ಬಿದ್ದಿದ್ದವನನ್ನು ಯೇಸು ಗುಣಪಡಿಸುವ ಮೊದಲು, ನಿನಗೆ ಗುಣವಾಗುವ ಮನಸ್ಸಿದೆಯೇ ಎಂದು ಕೇಳುತ್ತಾನೆ. ಎಮ್ಮಾಹುವಿನ ಹಾದಿಯಲ್ಲಿ ಇಬ್ಬರು ಶಿಷ್ಯರ ಜೊತೆಗೂಡಿದಾಗಲೂ ಮೊದಲು ಬರುವುದು ಪ್ರಶ್ನೆಯೇ.

ನಮ್ಮ ಸೀಮೆಗೂ ಇದು ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1851ರಲ್ಲಿ ನಮ್ಮ ನೇಕಾರರ ಗುಳೇದಗುಡ್ಡದಲ್ಲಿ ಠಾಣ್ಯ ಹೂಡಿದರು. ಮತ ಬದಲಿಸಿದವರಿಗೆ ಮನೆಯೂ ಕಸುಬೂ ತಪ್ಪಿಹೋದುದನ್ನು ಕಂಡು ಮಗ್ಗ, ಹೆಂಚು, ಮುದ್ರಣಗಳ ಕಾರ್ಖಾನೆ ಹಾಕಿದರು. ಬರಿಯ ಉಪದೇಶದಿಂದ ಹೊಟ್ಟೆ ತುಂಬದೆಂದು ಅವರಿಗೆ ತಿಳಿದಿತ್ತು. ಆದರೆ ಅವರು ಜನರನ್ನು ತಮ್ಮ ಮತಕ್ಕೆ ಕರೆಯಲೆಂದೇ ಬಂದವರು. ಅತ್ತಿಗೆಯ ಹೆದರಿಕೆ ನಿರಾಧಾರವೆಂದು ನಾನು ಹೇಗೆ ಹೇಳಲಿ?

ಬಸ್ಸಿನಲ್ಲಿ ನನಗೆ ನೆನಪಾದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಮಂಗಳೂರಿನಲ್ಲಿ ದೇವಜ್ಞಾನಶಾಸ್ತ್ರ ಓದಿ, ಸಭಾಪಾಲಕರಾದವರು. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿಯನ್ನು ಬರೆದ ಅದೇ ಕೈ, ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ನಾಡಿಗೆ ಕೊಟ್ಟಿತು. ಅನುಭವ ಮಂಟಪದ ಐತಿಹಾಸಿಕತೆಗಾಗಿ ವಾದಿಸಿತು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ತನ್ನ ವಿಶ್ವಾಸವನ್ನು ಮುಚ್ಚಿಡದ, ಇನ್ನೊಬ್ಬರದನ್ನು ಕಸಿಯದ ಇಂಥವರೊಡನೆ ಮಾತಿಗೆ ಕೂಡಲು ಅಂಜಿಕೆಯೇಕೆ? ವಿಶ್ವಾಸವನ್ನು ಬಾಗಿಲಲ್ಲೇ ಹೇಳುವವರಿಗಿಂತ, ತಮಗೆ ಯಾವ ಪಕ್ಷವೂ ಇಲ್ಲವೆಂದು ಹೇಳಿ ಒಳಗೊಂದು ಪಕ್ಷವಿಟ್ಟುಕೊಂಡವರು ನನಗೆ ಹೆಚ್ಚು ಭಯ ಹುಟ್ಟಿಸುತ್ತಾರೆ.

ಹಾಗೆಂದು ಎಲ್ಲವೂ ಸರಿಯೆನ್ನಲಾರೆ. ಈ ಹೆಸರಿನ ಫಲಕ ತೂಗುಹಾಕಲು ನಮ್ಮಲ್ಲಿ ಸರಕಾರದ ಪರವಾನಿಗೆ ಬೇಕಿಲ್ಲ, ಯಾರೂ ಹಾಕಬಹುದು. ದುಃಖದಲ್ಲಿದ್ದವರ ಮನಸ್ಸು ಹಸಿಮಣ್ಣು, ಒತ್ತಿದ ಗುರುತು ಹಾಗೆಯೇ ನಿಲ್ಲುತ್ತದೆ. ಮನಸ್ಸಿನ ಕಾಯಿಲೆಗೆ ಧಾರವಾಡದ ಡಿಮ್ಹಾನ್ಸ್ ಇದೆ, ಬೆಂಗಳೂರಿನ ನಿಮ್ಹಾನ್ಸ್ ಇದೆ. ಪ್ರಾರ್ಥನೆಯಾಗಲಿ ಪ್ರಶ್ನೆಯಾಗಲಿ ಅವುಗಳ ಸ್ಥಾನಕ್ಕೆ ಬರಲಾರದು. ಸಂಭಾವನೆಯಂತೂ ನನ್ನಂಥ ನಿವೃತ್ತ ಮಾಸ್ತರನಿಗೆ ದುಬಾರಿಯೇ. “ಸೋದರಮಾವಂದಿರ ಮಾತು ಕೇಳಿದ್ರ ಹೊಲಾನ ಹೋಗತಿತ್ತಲ್ಲ, ಕಾಕಾ” ಎಂದಳು ಹುಡುಗಿ. ಲೆಕ್ಕದಲ್ಲಿ ಅವಳು ಮೊದಲಿನಿಂದಲೂ ಚುರುಕು.

ಈಗ ಅವಳು ಹೊಲವನ್ನು ಮಾರಿಲ್ಲ, ನೌಕರಿಯನ್ನೂ ಬಿಟ್ಟಿಲ್ಲ. ಈ ಸಲದ ಕಬ್ಬನ್ನು ಪಾಲಿಗೆ ಕೊಟ್ಟಿದ್ದಾಳೆ. ಕೂಳೆಯ ಹೊತ್ತಿಗೆ ಬಂದು, ತಾನೇ ಮಾಡಿಸಬಹುದೇ ಎಂದು ನೋಡುತ್ತಾಳಂತೆ. ಮಳೆಗಾಲದಲ್ಲಿ ತಾಯಿ ಅವಳ ಬಳಿ, ಸುಗ್ಗಿಯಲ್ಲಿ ಅವಳು ತಾಯಿಯ ಬಳಿ. ಸೋದರಮಾವಂದಿರು ಇನ್ನೂ ಮುನಿದುಕೊಂಡೇ ಇದ್ದಾರೆ.

ಮೊನ್ನೆ ಅತ್ತಿಗೆ ಗಾಣದಿಂದ ಒಂದು ಬೆಲ್ಲದ ಪೆಂಟೆ ತರಿಸಿ, ಬಟ್ಟೆಯಲ್ಲಿ ಕಟ್ಟಿ, ನನ್ನ ಮುಂದಿಟ್ಟರು. “ಆ ಬಾಯಾರಿಗೆ ಕೊಟ್ಟು ಬಾರಪಾ. ಅವರು ಬೆಲ್ಲಾ ತಿಂತಾರೋ ಇಲ್ಲೋ?” ಎಂದರು. ತಿನ್ನುತ್ತಾರೆಂದು ನಾನು ಹೇಳಿದೆ.