ಗೋಳಗುಮ್ಮಟವೂ ಗಿಟಾರಿನ ಪೆಟ್ಟಿಗೆಯೂ

ಮಕ್ಕಳಿಗೆ ಉಪದೇಶ ಮಾಡುವದು ಸುಲಭ. ಮಾಡಿದ ಉಪದೇಶವನ್ನು ಮುಪ್ಪಿನಲ್ಲಿ ತಿರುಗಿ ಕೇಳುವದು ಕಠಿಣ. ಮೂವತ್ತು ವರ್ಷಗಳಿಗೂ ಮಿಕ್ಕಿ ಹುಡುಗರಿಗೆ ಸಂಸ್ಕೃತ ಕಲಿಸಿ ನಿವೃತ್ತರಾದ ನಮಗೆ ಈ ಮಾತು ತಿಳಿದದ್ದು ಯಾವ ಗ್ರಂಥದಿಂದಲೂ ಅಲ್ಲ, ಮೊಮ್ಮಗಳ ಗಿಟಾರಿನಿಂದ.

ನಮ್ಮ ಮಗನದು ತಿಕೋಟೆಯಲ್ಲಿ ದ್ರಾಕ್ಷಿಯ ತೋಟ. ಮೊಮ್ಮಗಳು ವಿಜಯಪುರದಲ್ಲಿ ನಮ್ಮ ಬಳಿಯಿದ್ದು ಓದುತ್ತಾಳೆ. ಆಕೆಯ ಸೋದರಮಾವನು ಒಂದು ವಿದ್ಯುತ್ತಿನ ಗಿಟಾರನ್ನು ಕೊಟ್ಟಿದ್ದನು. ಅದನ್ನು ಬರಿದೆ ಮೀಟಿದರೆ ಸೊಳ್ಳೆಯ ದನಿಯಷ್ಟೇ ಕೇಳುವದು. ಧ್ವನಿಯನ್ನು ಹೆಚ್ಚಿಸುವ ಆಂಪ್ಲಿಫೈಯರ್ ಪೆಟ್ಟಿಗೆಯೂ, ಅನುರಣನವನ್ನು ಕೂಡಿಸುವ ರಿವರ್ಬ್ ಪೆಡಲೆಂಬ ಡಬ್ಬಿಯೂ ಬೇಕೆಂದು ಆಕೆ ತಂದೆಯನ್ನು ಬೇಡಿದಳು. ಅವನು, "ಮೊದಲ ಪರೀಕ್ಷಾ ಆಗಲಿ, ಆಮ್ಯಾಲ ಸಂಗೀತ" ಎಂದನು.

ನಮ್ಮ ಎದೆ ಝಲ್ಲೆಂದಿತು. ಇಪ್ಪತ್ತೆರಡು ವರ್ಷಗಳ ಹಿಂದೆ, ಹಾರ್ಮೋನಿಯಮ್ ಬೇಡಿದ ಇದೇ ಮಗನಿಗೆ, ಇದೇ ಪಡಸಾಲೆಯಲ್ಲಿ ನಾವು ಆಡಿದ ಮಾತದು, ಒಂದಕ್ಷರವೂ ವ್ಯತ್ಯಾಸವಿಲ್ಲ. ಪರೀಕ್ಷೆ ಮುಗಿಯಿತು, ಸಂಗೀತ ಬರಲಿಲ್ಲ. ಅವನು ಮತ್ತೊಮ್ಮೆ ಬೇಡಲಿಲ್ಲ, ನಾವೂ ವಿಚಾರಿಸಲಿಲ್ಲ.

"ದುಡ್ಡು ನಾವು ಕೊಡುತ್ತೇವೆ" ಎಂದು ಹೇಳಿ ಮೊಮ್ಮಗಳೊಡನೆ ಅಂಗಡಿಗೆ ಹೊರಟೆವು. ಅಲ್ಲಿಯ ತರುಣನು ಎಲ್ಲ ತಿರುಪುಗಳನ್ನೂ ಕೊನೆಯವರೆಗೆ ತಿರುಗಿಸಿ ಒಂದು ತಂತಿಯನ್ನು ಮೀಟಿದನು. ಅಂಗಡಿಯೆಲ್ಲ ಮೊಳಗಿತು. ಹುಡುಗಿಗೆ ಆನಂದವೇ ಆನಂದ. ನಮಗೆ ಮಾತ್ರ ಯಾವ ಸ್ವರ ನುಡಿಯಿತೆಂಬದೇ ತಿಳಿಯಲಿಲ್ಲ. "ನಾಳೆ ಬರುತ್ತೇವೆ" ಎಂದು ಹೊರಬಿದ್ದೆವು.

ಮರುದಿನ ಬೆಳಗು ಮುಂಜಾನೆ, ಜನಸಂದಣಿಯಾಗುವ ಮೊದಲೇ, ಆಕೆಯನ್ನು ಗೋಳಗುಮ್ಮಟದ ಮೇಲಿನ ಮೊಗಸಾಲೆಗೆ ಕರೆದೊಯ್ದೆವು. 1656ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಹನ ಈ ಗೋರಿಯ ಗುಮ್ಮಟಕ್ಕೆ ಸುಮಾರು 124 ಅಡಿಗಳ ಒಳವ್ಯಾಸವಿದೆ. ಶಬ್ದವು ಸೆಕೆಂಡಿಗೆ ಸುಮಾರು 1,125 ಅಡಿ ಸಾಗುವದರಿಂದ, ಎದುರುಗೋಡೆಗೆ ತಾಗಿ ಮರಳಲು ಸೆಕೆಂಡಿನ ಐದರಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಕಾಲ ಬೇಕು. ಆದುದರಿಂದಲೇ ಅಲ್ಲಿ ಮಾರ್ದನಿ ಬೇರೆಯಾಗಿ ಕೇಳುವದು. ನಮ್ಮ ಮನೆಯ ಕೋಣೆಯಲ್ಲಾದರೆ ಅದು ಮೂಲದನಿಯಲ್ಲಿಯೇ ಬೆರೆತುಹೋಗುವದು. ಆಕೆ ಒಂದು ಚಪ್ಪಾಳೆ ತಟ್ಟಿದಳು; ಮರುದನಿಗಳು ಒಂದೊಂದಾಗಿ ಸ್ಪಷ್ಟವಾಗಿ ಬಂದವು. ಅಷ್ಟರಲ್ಲಿ ಹತ್ತೆಂಟು ಪ್ರವಾಸಿಗರು ಏರಿ ಬಂದು ಒಮ್ಮೆಗೇ ಕೂಗಿದರು. ಯಾವ ಮಾತೂ ಮಾತಾಗಿ ಉಳಿಯಲಿಲ್ಲ.

"ಅಜ್ಜಾ, ನಿನ್ನೆ ಅಂಗಡ್ಯಾಗ ಹಿಂಗ ಆಗಿತ್ತಲ್ರೀ!" ಎಂದಳು.

ನಮ್ಮ ಅಲಂಕಾರಶಾಸ್ತ್ರಜ್ಞರು ಕಾವ್ಯದ ವ್ಯಂಗ್ಯಾರ್ಥವನ್ನು ಘಂಟೆಯ ಅನುರಣನಕ್ಕೆ ಹೋಲಿಸುವರು. ಘಂಟೆಯ ಪೆಟ್ಟು ಮೊದಲು, ಅನುರಣನ ಆ ಮೇಲೆ. ಪೆಟ್ಟೇ ಒಡಕಾಗಿದ್ದರೆ ಅನುರಣನವು ಒಡಕನ್ನೇ ಉದ್ದ ಮಾಡುವದು. ಗಿಟಾರಿನ ಪೆಟ್ಟಿಗೆಯನ್ನು ಆರಿಸುವದಕ್ಕೂ ಇದೇ ಸೂತ್ರವೆಂದು ಆಕೆಗೆ ಹೇಳಿದೆವು.

ತಿರುಗಿ ಅಂಗಡಿಗೆ ಹೋದಾಗ ರಿವರ್ಬಿನ ತಿರುಪನ್ನು ಸೊನ್ನೆಗೆ ಇಡಿಸಿ ಒಂದೊಂದು ಪೆಟ್ಟಿಗೆಯನ್ನೂ ಕೇಳಿದೆವು. ಮೆಲ್ಲಗೆ ಮೀಟಿದಾಗಲೂ ತಂತಿ ತಂತಿಯೂ ಬೇರೆಬೇರೆಯಾಗಿ ಕೇಳಬೇಕು; ಇದೇ ನಮ್ಮ ಪರೀಕ್ಷೆ. ವ್ಯಾಟುಗಳ ಮೋಹವೂ ಬೇಡ. ವ್ಯಾಟು ಹತ್ತುಪಟ್ಟಾದರೂ ಕಿವಿಗೆ ದನಿಯು ಸುಮಾರು ಇಮ್ಮಡಿಯಾದಂತೆ ಮಾತ್ರ ತೋರುವದು. ಮನೆಯ ಅಭ್ಯಾಸಕ್ಕೆ ಹತ್ತು ವ್ಯಾಟು ಧಾರಾಳ. ಫೆಂಡರ್ ಕಂಪನಿಯವರು 1963ರಲ್ಲಿ ವೈಬ್ರೊವರ್ಬ್ ಎಂಬ ತಮ್ಮ ಪೆಟ್ಟಿಗೆಯೊಳಗೇ ಸ್ಪ್ರಿಂಗುಗಳನ್ನು ಕೂಡ್ರಿಸಿ ಅನುರಣನವನ್ನು ಹುಟ್ಟಿಸಿದರು. ಇಂದಿನ ಪೆಡಲುಗಳಲ್ಲಿ ಹೆಚ್ಚಿನವು ಅದನ್ನು ಗಣಿತದಿಂದ ಸಾಧಿಸುವವು. ಅವುಗಳಲ್ಲಿ ಎರಡು ತಿರುಪುಗಳನ್ನು ಅರಿತರೆ ಸಾಕು: ದನಿಯು ಎಷ್ಟು ಹೊತ್ತು ಉಳಿಯಬೇಕೆಂಬದಕ್ಕೆ ಡಿಕೇ, ಮೂಲದನಿಯೊಡನೆ ಎಷ್ಟು ಬೆರೆಯಬೇಕೆಂಬದಕ್ಕೆ ಮಿಕ್ಸ್. ಮಿಕ್ಸೆಂಬದು ಸಾರಿನೊಳಗಿನ ಉಪ್ಪು. ಇಲ್ಲದಿದ್ದಾಗ ತಿಳಿಯಬೇಕು, ಇದ್ದಾಗ ತೋರಬಾರದು. ಹತ್ತು ವ್ಯಾಟಿನ ಪೆಟ್ಟಿಗೆಯೊಂದನ್ನೂ ಸಾದಾ ಪೆಡಲೊಂದನ್ನೂ ಕೊಂಡೆವು.

ಮುಂದಿನ ತಿಂಗಳು ಬಬಲೇಶ್ವರದ ಬೀಗರ ಮನೆಯಲ್ಲಿ ಸಮಾರಂಭ. ಬಯಲಂಗಳದಲ್ಲಿ ದನಿಯನ್ನು ಮರಳಿಸಲು ಗೋಡೆಯಿಲ್ಲ. ಬರಿಯ ಗಿಟಾರು ಒಣಒಣವಾಗಿ ಕೇಳಿತು. ಮೊಮ್ಮಗಳು ಬಗ್ಗಿ ಮಿಕ್ಸಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಸ್ವರಗಳಿಗೆ ಒಂದು ಮನೆ ದೊರೆತಂತಾಯಿತು. ತಿಕೋಟೆಯಿಂದ ಬಂದಿದ್ದ ಮಗನು ಹಿಂದೆ ಕಂಬಕ್ಕೊರಗಿ ನಿಂತು ಕೊನೆಯವರೆಗೂ ಕೇಳಿದನು. ಅವನ ಬಲಗೈಯ ಬೆರಳುಗಳು ಕಂಬದ ಮೇಲೆ ಆಡುತ್ತಿದ್ದುದನ್ನು ನಾವು ಕಂಡೆವು.

ಮುಂದಿನ ರವಿವಾರ ನಾವು ತಿಕೋಟೆಯ ಬಸ್ಸು ಹತ್ತಿದೆವು. ದಾರಿಯಲ್ಲಿ ತೊರವಿಯ ಹತ್ತಿರ ಎರಡನೆಯ ಇಬ್ರಾಹಿಮ ಆದಿಲಶಹನ ನವರಸಪುರದ ಅವಶೇಷಗಳಿವೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಪ್ರೀತಿಸಿದ ಅರಸನು ಅವನು. ಅವನಿಗಿದ್ದ ಬುದ್ಧಿ ಮೇಷ್ಟ್ರಾದ ನಮಗೆ ಇರಲಿಲ್ಲವಲ್ಲಾ ಎಂದುಕೊಂಡೆವು. ನಮ್ಮ ತೊಡೆಯ ಮೇಲೆ ಒಂದು ಹಾರ್ಮೋನಿಯಮ್ ಇತ್ತು.

ಮಗನು ಅದನ್ನು ನೋಡಿ, "ಈಗ ಇದನ್ನ ಏನ್ ಮಾಡ್ಲಿ, ಅಪ್ಪಾ? ವಯಸ್ಸಾತು" ಎಂದನು.

"ಪರೀಕ್ಷೆ ಮುಗಿದದ ಅಲ್ಲೋ" ಎಂದೆವು.

ಅವನು ನಕ್ಕನು. ಕೈತೊಳೆದು ಬಂದು ಕುಳಿತು, ಷಡ್ಜದ ಮೇಲೆ ಬೆರಳಿಟ್ಟು ಬಹಳ ಹೊತ್ತು ಹಿಡಿದನು. ಮಕ್ಕಳಿಗೆ ಮಾತಾಡುವಾಗ ಆ ಮಾತು ಮರಳಿ ಬರುವ ದಿನವೊಂದುಂಟೆಂದು ವಾಚಕರು ನೆನೆಯಲಿ. ಹಾಗೆ ಬಂದಾಗ ತಿದ್ದಲು ವೇಳೆಯಿದ್ದರೆ ಅದು ಭಾಗ್ಯವೇ ಸರಿ.