ಹುಲ್ಲುಗಾವಲು ಖಾಲಿ ಜಾಗವಲ್ಲ

ಕಡೂರು ತಾಲ್ಲೂಕಿನ ದೇವನೂರಿಗೆ ಹೋದವರು ಮೊದಲು ನೋಡುವುದು ಲಕ್ಷ್ಮೀಕಾಂತ ಸ್ವಾಮಿಯ ದೇವಸ್ಥಾನವನ್ನು. ‘ಜೈಮಿನಿ ಭಾರತ’ ಬರೆದ ಲಕ್ಷ್ಮೀಶ ಕವಿಯ ಊರು ಇದು. ಗಮಕಿಗಳು ಈ ಕಾವ್ಯ ಹಾಡಿ ಅರ್ಥ ಹೇಳುತ್ತಿದ್ದುದು ಅಜ್ಜ ಅಜ್ಜಿಯರಿಗೆ ನೆನಪಿರಬಹುದು. ಮಕ್ಕಳೇ, ಆ ಕಥೆಯಲ್ಲಿ ಧರ್ಮರಾಯನ ಯಜ್ಞದ ಕುದುರೆ ತನಗೆ ಇಷ್ಟ ಬಂದ ಕಡೆ ಹೋಗುತ್ತದೆ. ಅದನ್ನು ಯಾರೂ ಕಟ್ಟುವಂತಿಲ್ಲ. ಅರ್ಜುನ ಅದರ ಹಿಂದೆ ಕಾವಲಾಗಿ ನಡೆಯುತ್ತಾನೆ. ಪ್ರಾಣಿಯನ್ನು ಕಟ್ಟಿಹಾಕದೆ, ಬಿಟ್ಟು ಕಾಯುವುದು! ದೇವನೂರಿನ ಸುತ್ತಲ ಸೀಮೆಯಲ್ಲಿ ಇದು ಕಥೆಯಲ್ಲಷ್ಟೇ ಅಲ್ಲ, ನಿಜವಾಗಿಯೂ ನಡೆದಿದೆ.

ಬಾಬಾಬುಡನ್ ಗಿರಿ ಸಾಲು ಮುಂಗಾರಿನ ಮೋಡಗಳನ್ನು ತಡೆದು ನಿಲ್ಲಿಸುತ್ತದೆ. ಆದ್ದರಿಂದ ಗಿರಿಯ ಪೂರ್ವಕ್ಕಿರುವ ಕಡೂರು, ಬೀರೂರು, ಅಜ್ಜಂಪುರದ ಬಯಲಿಗೆ ಮಳೆ ಕಡಿಮೆ. ಇಲ್ಲಿ ದಟ್ಟ ಕಾಡಿಲ್ಲ. ಹುಲ್ಲು, ಕುರುಚಲು ಗಿಡ, ಅಲ್ಲೊಂದು ಇಲ್ಲೊಂದು ಜಾಲಿ. ಇಂಥ ನೆಲವನ್ನು ಇಲ್ಲಿಯ ಜನ ‘ಕಾವಲು’ ಎನ್ನುತ್ತಾರೆ. ಹುಲ್ಲು ಮತ್ತು ಕಾವಲು ಸೇರಿದರೆ ಹುಲ್ಲುಗಾವಲು. ಆದೇಶ ಸಂಧಿಯ ಉದಾಹರಣೆಯಾಗಿ ನೀವು ಇದನ್ನು ಓದಿರುತ್ತೀರಿ. ಆ ಪದದೊಳಗೆ ‘ಕಾಯುವುದು’ ಎಂಬ ಅರ್ಥ ಅಡಗಿದೆ.

ಯಾರಿಗಾಗಿ ಕಾಯುತ್ತಿದ್ದರು? ದನಗಳಿಗಾಗಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನ ಅದನ್ನು ‘ಅಮೃತಮಹಲ್’ ಎಂದು ಕರೆದ. ಹಿಂದಕ್ಕೆ ಚಾಚಿದ ಉದ್ದನೆಯ ಚೂಪು ಕೊಂಬಿನ ಈ ತಳಿಯ ಎತ್ತುಗಳು ಫಿರಂಗಿ ಬಂಡಿಗಳನ್ನು ಎಳೆಯುತ್ತಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ದನಗಳು ಬ್ರಿಟಿಷರ ಕೈಸೇರಿದವು. ಅಜ್ಜಂಪುರದಲ್ಲಿ ಇಂದಿಗೂ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಅದು 1929ರಿಂದ ನಡೆದುಬಂದಿದೆ.

ಈ ದನಗಳನ್ನು ಕೊಟ್ಟಿಗೆಯಲ್ಲಿ ಕಟ್ಟುತ್ತಿರಲಿಲ್ಲ. ಬಿಸಿಲಿರಲಿ, ಮಳೆಯಿರಲಿ, ಬಯಲೇ ಅವುಗಳ ಮನೆ. ಬೇಸಿಗೆಗೆ ಒಂದು ಕಾವಲು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಇನ್ನೊಂದು ಎಂದು ಹಿರಿಯರು ಹಂಚಿಟ್ಟಿದ್ದರು. ದನ ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲು ಚಿಗುರುತ್ತಿತ್ತು. ಅಲ್ಲಿ ಉಳುಮೆ ಇಲ್ಲ, ಬೇಲಿ ಇಲ್ಲ. ದನಕ್ಕೆಂದು ಮಾಡಿದ ಈ ಏರ್ಪಾಟಿನಿಂದ ಯಾರೂ ಲೆಕ್ಕಕ್ಕೆ ಹಿಡಿಯದ ಕಾಡುಪ್ರಾಣಿಗಳೂ ಬದುಕಿಕೊಂಡವು.

ಅವುಗಳಲ್ಲಿ ಮೊದಲನೆಯದು ಕೃಷ್ಣಮೃಗ. ಗಂಡಿಗೆ ತಿರುಚಿದ ಕೊಂಬು, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಹೆಣ್ಣು ಒಣಹುಲ್ಲಿನ ಬಣ್ಣ. ಅಡಗಲು ಮರವಿಲ್ಲದ ಬಯಲಲ್ಲಿ ಇದು ಉಳಿಯುವುದು ಕಣ್ಣು ಮತ್ತು ಕಾಲಿನ ಬಲದಿಂದ. ಶತ್ರುವನ್ನು ದೂರದಿಂದಲೇ ಕಂಡು, ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡಬಲ್ಲದು. ಆದರೆ ಹುಟ್ಟಿದ ಮರಿ ಓಡಲಾರದು. ಅದು ಹುಲ್ಲಿನಲ್ಲಿ ಅಲುಗಾಡದೆ ಮಲಗಿರುತ್ತದೆ. ತಾಯಿ ದೂರದಲ್ಲಿ ಮೇಯುತ್ತಿದ್ದು, ಹಾಲೂಡಿಸಲು ಮಾತ್ರ ಬಂದು ಹೋಗುತ್ತದೆ. ಒಂಟಿ ಮರಿ ಕಂಡರೆ ‘ಅಯ್ಯೋ ಪಾಪ’ ಎಂದು ಎತ್ತಿಕೊಂಡು ಬರಬಾರದು. ಅದು ತಬ್ಬಲಿಯಲ್ಲ.

ಟಿಟ್ಟಿಭ ಹಕ್ಕಿಯದು ಇನ್ನೊಂದು ಉಪಾಯ. ಬರಿನೆಲದ ಮೇಲೆ, ಕಲ್ಲುಗಳ ನಡುವೆಯೇ ಮೊಟ್ಟೆ ಇಡುತ್ತದೆ. ಮೊಟ್ಟೆಯ ಬಣ್ಣವೂ ಮಚ್ಚೆಯೂ ಕಲ್ಲಿನಂತೆಯೇ ಇರುತ್ತವೆ. ಯಾರಾದರೂ ಹತ್ತಿರ ಬಂದರೆ ಹಕ್ಕಿ ಕೂಗಿ ಗದ್ದಲವೆಬ್ಬಿಸುತ್ತದೆ. ಮೊಟ್ಟೆ ಕದ್ದ ಸಮುದ್ರಕ್ಕೇ ಸೆಡ್ಡು ಹೊಡೆದ ಪಂಚತಂತ್ರದ ಹಕ್ಕಿ ಇದೇ.

ಇನ್ನು ತೋಳ. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆಯೇ ಅದರ ಮೇಲಿನ ಸಿಟ್ಟನ್ನು ಹೇಳುತ್ತದೆ. ಕುರಿ ಕಳೆದುಕೊಂಡವನ ನೋವು ಸಣ್ಣದಲ್ಲ. ಆದರೂ ಕುರಿಗಾಹಿಗಳು ತೋಳವಿರುವ ಸೀಮೆಯಲ್ಲೇ ತಲೆಮಾರುಗಳಿಂದ ಕುರಿ ಸಾಕಿದ್ದಾರೆ. ರಾತ್ರಿ ಮುಳ್ಳಿನ ರೊಪ್ಪ, ಜೊತೆಗೆ ನಾಯಿ, ಮಂದೆಯ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗುವ ಮನುಷ್ಯ. ತೋಳವನ್ನು ಕೊಲ್ಲದೆ ಕುರಿ ಉಳಿಸಿಕೊಳ್ಳುವ ದಾರಿ ಇದು.

ನಮ್ಮ ಸಂಪ್ರದಾಯದಲ್ಲಿ ಕೃಷ್ಣಮೃಗಕ್ಕೆ ದೊಡ್ಡ ಸ್ಥಾನವಿದೆ. ಅದು ಸಹಜವಾಗಿ ಸಂಚರಿಸುವ ನಾಡೇ ಯಜ್ಞಕ್ಕೆ ತಕ್ಕದ್ದು ಎಂದು ಸ್ಮೃತಿಗಳು ಹೇಳುತ್ತವೆ. ಉಪನಯನದಲ್ಲಿ ವಟುವಿಗೆ ಕೃಷ್ಣಾಜಿನದ ತುಣುಕು ಕಟ್ಟುವ ಪದ್ಧತಿಯೂ ಇತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈ ಪ್ರಾಣಿಯನ್ನು ಬೇಟೆಯಾಡುವುದೂ ಅದರ ಚರ್ಮ ಮಾರುವುದೂ ಅಪರಾಧ. ಇಲ್ಲಿ ಹಿರಿಯರಿಗೊಂದು ಮಾತು. ಚರ್ಮವಿಲ್ಲದೆಯೂ ಉಪನಯನ ನಡೆಯುತ್ತದೆ. ಆದರೆ ಮೃಗ ಸಂಚರಿಸದ ನಾಡಿನಲ್ಲಿ ಸ್ಮೃತಿಯ ಮಾತಿಗೆ ಅರ್ಥ ಉಳಿಯುವುದಿಲ್ಲ.

ಇಂದು ಕಾವಲುಗಳಿಗೆ ಬಂದಿರುವ ಕುತ್ತು ಬೇಟೆಗಾರರಿಂದ ಮಾತ್ರವಲ್ಲ. ‘ಇದು ಬಂಜರು, ಏನೂ ಬೆಳೆಯುತ್ತಿಲ್ಲ’ ಎನ್ನುವ ನಮ್ಮ ಕಣ್ಣಿನಿಂದಲೂ ಬಂದಿದೆ. ಖಾಲಿ ಎಂದುಕೊಂಡು ಉಳುತ್ತೇವೆ, ಕಟ್ಟಡ ಎಬ್ಬಿಸುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ನೀಲಗಿರಿ ಸಸಿ ನೆಡುವವರೂ ಇದ್ದಾರೆ. ಗಿಡ ನೆಡುವುದು ಪುಣ್ಯದ ಕೆಲಸ, ನಿಜ. ಆದರೆ ಎಲ್ಲ ಕಡೆಯೂ ಅಲ್ಲ. ಮರಗಳು ಒತ್ತಾದರೆ ಕೃಷ್ಣಮೃಗಕ್ಕೆ ದೂರದ ನೋಟವೂ ಇಲ್ಲ, ಓಡಲು ಜಾಗವೂ ಇಲ್ಲ. ನೆರಳಿನಲ್ಲಿ ಹುಲ್ಲೂ ಸೊರಗುತ್ತದೆ.

ಸಮಾಧಾನದ ಸಂಗತಿಯೂ ಇದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ವಿಸ್ತೀರ್ಣ ಕೇವಲ 7 ಚದರ ಕಿ.ಮೀ.ಗಿಂತ ತುಸು ಹೆಚ್ಚು. ಆದರೂ ಕೃಷ್ಣಮೃಗವೂ ತೋಳವೂ ಅಲ್ಲಿ ನೆಲೆ ಕಂಡಿವೆ.

ರಜೆಯಲ್ಲಿ ದೇವನೂರಿಗೆ ಹೋದಾಗ ದೇವರ ದರ್ಶನ ಮಾಡಿ, ಕವಿಯನ್ನು ನೆನೆಯಿರಿ. ಆಮೇಲೆ ಕಡೂರು ಸೀಮೆಯ ಒಂದು ಕಾವಲಿನ ಅಂಚಿನಲ್ಲಿ, ರಸ್ತೆ ಬಿಟ್ಟು ಇಳಿಯದೆ, ಹತ್ತು ನಿಮಿಷ ಸುಮ್ಮನೆ ನಿಲ್ಲಿ. ಮೊದಲು ಹುಲ್ಲು ಮಾತ್ರ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲಿ ಒಂದು ಕಿವಿ ಅಲುಗುತ್ತದೆ, ಒಂದು ‘ಕಲ್ಲು’ ಎದ್ದು ನಡೆಯುತ್ತದೆ. ಪಕ್ಕದಲ್ಲಿ ನಿಂತ ಮೊಮ್ಮಗುವಿಗೇ ಅದು ಮೊದಲು ಕಂಡೀತು.